ಮಾನಸಿಕ ಆರೋಗ್ಯದ ಪ್ರಥಮ ನೆರವು

ಮಾನಸಿಕ ತೊಂದರೆ ಶುರುವಾಗುತ್ತಿರುವ, ಇದ್ದ ತೊಂದರೆ ಉಲ್ಬಣಿಸಿರುವ ಅಥವಾ ಮಾನಸಿಕ ಬಿಕ್ಕಟ್ಟಿನಲ್ಲಿ ಸಿಲುಕಿರುವ ವ್ಯಕ್ತಿಗೆ ಹತ್ತಿರದವರು ನೀಡುವ ಆರಂಭಿಕ ಸಹಾಯವನ್ನು ಮಾನಸಿಕ ಆರೋಗ್ಯದ ಪ್ರಥಮ ನೆರವು ಎನ್ನುತ್ತಾರೆ. ತಜ್ಞರ ಚಿಕಿತ್ಸೆ ದೊರೆಯುವವರೆಗೆ ಅಥವಾ ಬಿಕ್ಕಟ್ಟು ಕಳೆಯುವವರೆಗೆ ಮಾತ್ರ ಇದರ ವ್ಯಾಪ್ತಿ. ಮನೆಯವರು, ಗೆಳೆಯರು, ಸಹೋದ್ಯೋಗಿಗಳು, ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು, ಆಶಾ ಕಾರ್ಯಕರ್ತೆಯರು, ಯಾರು ಬೇಕಾದರೂ ಈ ನೆರವು ನೀಡಬಹುದು. ರೋಗನಿರ್ಣಯ, ಔಷಧ, ಮನೋಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ. ತರಬೇತಿ ಪಡೆದವರು ಹಲವು ಭೇಟಿಗಳಲ್ಲಿ ನಡೆಸುವ ಆಪ್ತಸಮಾಲೋಚನೆಯಿಂದಲೂ, ಪ್ರವಾಹ ಭೂಕಂಪಗಳಂಥ ವಿಪತ್ತುಗಳ ಬೆನ್ನಲ್ಲೇ ಸಂತ್ರಸ್ತರಿಗೆ ಕೊಡುವ ಮನೋಸಾಮಾಜಿಕ ನೆರವಿನಿಂದಲೂ ಇದು ಭಿನ್ನ.

ಉಗಮ

ವ್ಯವಸ್ಥಿತ ತರಬೇತಿಯಾಗಿ ಇದು ಆರಂಭವಾದದ್ದು 2000ರಲ್ಲಿ, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ರೂಪಿಸಿದವರು ನರ್ಸಿಂಗ್ ಹಿನ್ನೆಲೆಯ ಬೆಟ್ಟಿ ಕಿಚನರ್ ಮತ್ತು ಅವರ ಪತಿ, ಸಂಶೋಧಕ ಆಂಥೊನಿ ಜಾರ್ಮ್. ಕಿಚನರ್ ಸ್ವತಃ ಖಿನ್ನತೆಯನ್ನು ಅನುಭವಿಸಿದ್ದರು. ಜಾರ್ಮ್ ಮತ್ತು ಸಂಗಡಿಗರು 1997ರಲ್ಲಿ ‘ಮಾನಸಿಕ ಆರೋಗ್ಯ ಸಾಕ್ಷರತೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿದ್ದರು. ಗಾಯಕ್ಕೆ ಪಟ್ಟಿ ಕಟ್ಟಲು ಕಲಿಸುವ ತರಗತಿಗಳು ಎಲ್ಲೆಡೆ ಇದ್ದರೂ ಮನಸ್ಸಿನ ಬಿಕ್ಕಟ್ಟನ್ನು ಎದುರಿಸಲು ಕಲಿಸುವ ತರಗತಿ ಒಂದೂ ಇಲ್ಲದಿದ್ದುದು ಈ ತರಬೇತಿಗೆ ಪ್ರೇರಣೆ. ಮುಂದೆ ಅದು ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿತು.

ಸಾಮಾನ್ಯ ಜನರೇ ನೆರವಾಗಬಹುದೆಂಬ ವಿಚಾರ ಇದಕ್ಕೂ ಹಳೆಯದು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾಹ್ ಆರಂಭಿಸಿದ ‘ಸಮಾರಿಟನ್ಸ್’ ದೂರವಾಣಿ ಸೇವೆಯಲ್ಲಿ ಫೋನಿನ ಈಚೆಗೆ ಕೂತು ಕೇಳಿಸಿಕೊಳ್ಳುತ್ತಿದ್ದವರು ವೈದ್ಯರಲ್ಲ, ಸ್ವಯಂಸೇವಕರು. ಚೆನ್ನೈಯಲ್ಲಿ 1986ರಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಸ್ಥಾಪಿಸಿದ ‘ಸ್ನೇಹಾ’ ಅದೇ ಜಾಡಿನದು.

ಭಾರತದ ಮುಖ್ಯ ದಾರಿ ಮಾತ್ರ ಬೇರೆ ಕಡೆಯಿಂದ, ಕುಟುಂಬದ ಮೂಲಕ ಬಂತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಪಶ್ಚಿಮದ ಆಸ್ಪತ್ರೆಗಳು ರೋಗಿಯನ್ನು ಮನೆಯಿಂದ ದೂರವಿಡುತ್ತಿದ್ದ ಕಾಲವದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ಇದನ್ನು ಮುಂದುವರಿಸಿದವು. 1974ರಲ್ಲಿ ಬೆಂಗಳೂರಿನ ಆ ಸಂಸ್ಥೆ ನಿಮ್ಹಾನ್ಸ್ ಆಗಿ ರೂಪುಗೊಂಡ ಬಳಿಕ ಆನೇಕಲ್ ಬಳಿಯ ಸಕಲವಾರದಲ್ಲಿ ಗ್ರಾಮೀಣ ಘಟಕ ತೆರೆಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸುವ ತರಬೇತಿ ಆರಂಭವಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಕನ್ನಡದಲ್ಲಿ ಈ ತಿಳಿವಳಿಕೆ ಮನೆಮನೆಗೆ ತಲುಪಿದ್ದು ಪುಸ್ತಕ, ಪತ್ರಿಕೆಗಳಿಂದ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಈ ವಿಷಯದಲ್ಲಿ ಬಹುಸಂಖ್ಯೆಯ ಜನಪ್ರಿಯ ಪುಸ್ತಕಗಳನ್ನು ಬರೆದಿದ್ದಾರೆ.

ಗುರುತಿಸುವಿಕೆ

ನೆರವಿನ ಮೊದಲ ಕೆಲಸ ಬದಲಾವಣೆಯನ್ನು ಗಮನಿಸುವುದು. ಒಂದು ದಿನದ ಬೇಸರ, ಒಂದು ಜಗಳದ ಸಿಟ್ಟು ರೋಗವಲ್ಲ. ವ್ಯಕ್ತಿ ಮೊದಲು ಹೇಗಿದ್ದ, ಈಗ ಹೇಗಿದ್ದಾನೆ, ಎಷ್ಟು ಕಾಲದಿಂದ ಹೀಗಿದೆ, ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗಿದೆಯೇ ಎಂಬ ಪ್ರಶ್ನೆಗಳೇ ಅಳತೆಗೋಲು. ಬೇಸರ ಅಥವಾ ನಿರಾಸಕ್ತಿ ಎರಡು ವಾರಕ್ಕೂ ಹೆಚ್ಚು ಕಾಲ ಬಿಡದೆ ಕಾಡಿದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟು ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ಮಾತು ಬರತೊಡಗಿದರೆ ಖಿನ್ನತೆಯನ್ನು ಶಂಕಿಸಬೇಕು.

ಕರ್ನಾಟಕದ ಹೊರರೋಗಿ ವಿಭಾಗಗಳಲ್ಲಿ ಖಿನ್ನತೆ ಬಹುಮಟ್ಟಿಗೆ ಮೈಯ ದೂರಾಗಿಯೇ ಕಾಣಿಸಿಕೊಳ್ಳುತ್ತದೆ. ಎದೆ ಭಾರ, ಮೈ ಉರಿ, ಕೈಕಾಲು ಸೆಳೆತ, ಸುಸ್ತು, ತಲೆ ಧಿಮ್ಮೆನ್ನುವುದು, ‘ಅನ್ನ ಗಂಟಲಲ್ಲಿ ಇಳಿಯೋದಿಲ್ಲ’ ಎಂಬ ಮಾತು ಬರುತ್ತವೆಯೇ ಹೊರತು ದುಃಖ ಎಂಬ ಮಾತು ಬರುವುದಿಲ್ಲ. ಸ್ಕ್ಯಾನಿಂಗ್, ಇಸಿಜಿ ಎಲ್ಲ ‘ನಾರ್ಮಲ್’ ಎಂದು ಬಂದ ಮೇಲೆ ಮನೆಯವರು ಇದು ನಾಟಕವೆಂದು ತೀರ್ಮಾನಿಸುವುದೂ ಉಂಟು. ನೋವು ನಿಜ, ಅದರ ಬೇರು ಬೇರೆ ಕಡೆ ಇರುತ್ತದೆ, ಅಷ್ಟೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಅಭಾವಗಳು ಖಿನ್ನತೆಯಂತೆಯೇ ಕಾಣಬಹುದು. ಆದ್ದರಿಂದ ಮೊದಲ ಭೇಟಿ ಪರಿಚಯದ ಸಾಮಾನ್ಯ ವೈದ್ಯರದೇ ಆಗಿದ್ದರೂ ಅಡ್ಡಿಯಿಲ್ಲ.

ಆತಂಕದ ರೋಗಗಳಲ್ಲಿ ಎದೆ ಬಡಿತ, ಬೆವರು, ಈಗಲೇ ಸಾಯುತ್ತೇನೆಂಬ ಭಯ ಕಾಣಿಸಿಕೊಳ್ಳುತ್ತವೆ. ಚಿತ್ತವಿಕಲತೆಯಲ್ಲಿ ಇಲ್ಲದ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ, ಊಟಕ್ಕೆ ಮದ್ದು ಹಾಕಿದ್ದಾರೆ ಎಂಬ ಕದಲಿಸಲಾಗದ ಅನುಮಾನ, ಸ್ನಾನ ಬಟ್ಟೆಗಳ ಪರಿವೆ ಇಲ್ಲದಿರುವುದು ಮುಖ್ಯ ಚಿಹ್ನೆಗಳು. ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಇದು ನಿಧಾನವಾಗಿ ಶುರುವಾಗುವುದರಿಂದ ‘ಓದಿನ ಒತ್ತಡ’, ‘ವಯಸ್ಸಿನ ಹಟ’ ಎಂದು ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಉನ್ಮಾದದಲ್ಲಿ ತದ್ವಿರುದ್ಧ ಚಿತ್ರ: ನಿದ್ದೆಯೇ ಬೇಡವೆನಿಸುವ ಹುರುಪು, ತಡೆಯಿಲ್ಲದ ಮಾತು, ಕೈಮೀರಿದ ಖರ್ಚು.

ನೆರವಿನ ಹಂತಗಳು

ಆಸ್ಟ್ರೇಲಿಯದ ತರಬೇತಿ ಐದು ಕ್ರಿಯೆಗಳನ್ನು ಹೇಳುತ್ತದೆ: ವ್ಯಕ್ತಿಯ ಬಳಿಗೆ ಹೋಗಿ ಬಿಕ್ಕಟ್ಟು ಇದೆಯೇ ಎಂದು ಅಂದಾಜಿಸುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಧೈರ್ಯ ಮತ್ತು ಮಾಹಿತಿ ಕೊಡುವುದು, ತಜ್ಞರ ಬಳಿಗೆ ಹೋಗಲು ಒಲಿಸುವುದು, ಇತರ ಆಸರೆಗಳತ್ತ ದಾರಿ ತೋರುವುದು. ಇವು ಒಂದರ ನಂತರ ಒಂದರಂತೆ ಬರಬೇಕೆಂದೇನೂ ಇಲ್ಲ. ಕೇಳಿಸಿಕೊಳ್ಳುವುದಂತೂ ಉದ್ದಕ್ಕೂ ನಡೆಯುವ ಕೆಲಸ.

ಮಾತು ಶುರುಮಾಡಲು ಜಾಗ ಮತ್ತು ಹೊತ್ತು ಮುಖ್ಯ. ನೆಂಟರಿಷ್ಟರ ಎದುರು, ಊಟದ ಪಂಕ್ತಿಯಲ್ಲಿ, ಜಗಳದ ನಡುವೆ ಈ ಮಾತು ಸಲ್ಲದು. ಇಬ್ಬರೇ ನಡೆಯುತ್ತಿರುವಾಗ, ಗಾಡಿಯಲ್ಲಿ ಹೋಗುತ್ತಿರುವಾಗ, ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿರುವಾಗ ಮಾತು ಸಲೀಸಾಗಿ ಹೊರಡುತ್ತದೆ. ‘ನಿನಗೆ ಡಿಪ್ರೆಶನ್ ಆಗಿದೆ’ ಎಂದು ಹಣೆಪಟ್ಟಿ ಹಚ್ಚುವ ಬದಲು ಕಣ್ಣಿಗೆ ಕಂಡದ್ದನ್ನು ಹೇಳುವುದು ವಿಹಿತ: ‘ಈಚೆಗೆ ನೀನು ಊಟ ಸರಿಯಾಗಿ ಮಾಡ್ತಿಲ್ಲ, ರಾತ್ರಿ ಎದ್ದು ಕೂತಿರ್ತೀಯ, ಏನಾಗ್ತಿದೆ ಹೇಳು.’ ಹಿರಿಯರೊಂದಿಗಾದರೆ, ‘ಅಪ್ಪಾ, ನೀವು ಮೊದಲಿನ ಹಾಗೆ ತೋಟದ ಕಡೆ ಹೋಗ್ತಾನೇ ಇಲ್ಲ, ಮೈಗೆ ಹುಷಾರಿಲ್ವಾ?’ ಎಂಬಂಥ ಮೈಯ ಪ್ರಶ್ನೆಯಿಂದ ಹೊರಡುವುದು ಹಗುರ. ‘ಏನಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಟ್ಟು, ಬೇಕಾದಾಗ ಹೇಳಬಹುದೆಂದು ತಿಳಿಸಿ, ಕೆಲವು ದಿನ ಕಳೆದು ಮತ್ತೆ ಕೇಳಬೇಕು.

ಕೇಳಿಸಿಕೊಳ್ಳುವಾಗ ಮೌನಕ್ಕೂ ಅಳುವಿಗೂ ಎಡೆ ಇರಬೇಕು. ‘ಧೈರ್ಯ ತಂದುಕೋ’, ‘ನಿನಗೇನು ಕಮ್ಮಿಯಾಗಿದೆ’, ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’, ‘ಮದುವೆ ಮಾಡಿದರೆ ಸರಿಹೋಗುತ್ತೆ’ ಎಂಬ ಮಾತುಗಳು ಹೇಳುವವರ ಒಳ್ಳೆಯ ಉದ್ದೇಶವೇನೇ ಇದ್ದರೂ ವ್ಯಕ್ತಿಯ ಬಾಯಿ ಮುಚ್ಚಿಸುತ್ತವೆ. ಕೊನೆಯದಂತೂ ಇನ್ನೊಬ್ಬರ ಬದುಕನ್ನೂ ಒಳಗೆಳೆಯುತ್ತದೆ.

ತಜ್ಞರನ್ನು ಕಾಣಲು ಒಲಿಸುವುದು ಹೆಚ್ಚು ತಾಳ್ಮೆ ಬೇಡುವ ಹಂತ. ಮನೋವೈದ್ಯರ ಬಳಿಗೆ ಹೋದರೆ ಹುಚ್ಚನೆಂಬ ಹೆಸರು ಬರುತ್ತದೆ, ಮಾತ್ರೆ ಶುರುವಾದರೆ ಬಿಡಲಾಗದು, ಕೊಡುವುದೆಲ್ಲ ಬರೀ ನಿದ್ದೆ ಮಾತ್ರೆ ಎಂಬ ಮೂರು ಅಂಜಿಕೆಗಳು ಸಾಮಾನ್ಯ. ಖಿನ್ನತೆ ನಿವಾರಕ ಔಷಧಗಳು ಚಟ ಹಿಡಿಸುವಂಥವಲ್ಲ. ಆದರೆ ಅವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮುಂತಾದ ಅಡ್ಡಪರಿಣಾಮಗಳು ಮೊದಲ ದಿನಗಳಲ್ಲೇ ಬರಬಹುದು. ಬಹಳ ಜನ ಚಿಕಿತ್ಸೆ ನಿಲ್ಲಿಸುವುದು ಈ ನಡುವಿನ ಅವಧಿಯಲ್ಲಿ. ಗುಣ ಕಂಡ ಮೇಲೂ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ನೆರವಾಗುವವರು ಮೊದಲ ಭೇಟಿಗೆ ಜೊತೆಗೆ ಹೋಗುವುದು, ಚೀಟಿ ಮಾಡಿಸಿ ಸರದಿಯಲ್ಲಿ ಕೂರುವುದು, ಮುಂದಿನ ತಾರೀಖನ್ನು ನೆನಪಿಸುವುದು ಉಪದೇಶಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ದೇವಸ್ಥಾನ, ದರ್ಗಾ, ಮಂತ್ರವಾದಿಗಳ ಬಳಿಗೆ ಮೊದಲು ಹೋಗುವ ಕುಟುಂಬಗಳು ಅನೇಕ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂಬ ವಿವರಣೆಯನ್ನು ಗೇಲಿ ಮಾಡಿದರೆ ಮನೆಯವರು ಆಸ್ಪತ್ರೆಯಿಂದ ಇನ್ನಷ್ಟು ದೂರ ಸರಿಯುತ್ತಾರೆ. ಹರಕೆಯೂ ಇರಲಿ, ಔಷಧವೂ ಇರಲಿ ಎಂಬ ನಿಲುವನ್ನು ಹಲವು ಸಮುದಾಯ ಕಾರ್ಯಕ್ರಮಗಳು ತಳೆದಿವೆ. ಗುಜರಾತಿನ ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆ ಇದಕ್ಕೆ ಹೆಸರಾದ ಉದಾಹರಣೆ. ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ನಡೆಯುವಲ್ಲಿ ಈ ಹೊಂದಾಣಿಕೆಗೆ ಆಸ್ಪದವಿಲ್ಲ.

ಆತ್ಮಹತ್ಯೆಯ ಅಪಾಯ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಕರ್ನಾಟಕದ ಪಾಲು 13,606. ಸಾವಿನ ಮಾತನ್ನು ಪದೇಪದೇ ಆಡುವುದು, ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎನ್ನುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಸಾಲ ಮತ್ತು ಜಮೀನಿನ ಲೆಕ್ಕವನ್ನು ಏಕಾಏಕಿ ಒಪ್ಪಿಸುವುದು, ಬಹಳ ದಿನದ ತಳಮಳದ ಬಳಿಕ ಕಾರಣವಿಲ್ಲದೆ ಶಾಂತವಾಗುವುದು ಎಚ್ಚರಿಕೆಯ ಚಿಹ್ನೆಗಳು. ಹಿಂದೆ ಒಮ್ಮೆ ಯತ್ನಿಸಿದವರಲ್ಲಿ ಅಪಾಯ ಹೆಚ್ಚು. ‘ಹೇಳುವವರು ಮಾಡಿಕೊಳ್ಳುವುದಿಲ್ಲ’ ಎಂಬ ನಂಬಿಕೆ ಸುಳ್ಳು.

ಸಂಶಯ ಬಂದಾಗ ನೇರವಾಗಿ ಕೇಳಬೇಕು: ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವ್ಯಾಪಕ. ಆದರೆ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಪ್ರಶ್ನೆ ಎದುರಿಸಿದ ವ್ಯಕ್ತಿಗೆ ಎಷ್ಟೋ ವೇಳೆ ಹೊರೆ ಇಳಿಸಿದಂತಾಗುತ್ತದೆ. ಹೌದೆಂಬ ಉತ್ತರ ಬಂದರೆ ಬೈಯುವುದು, ಆಣೆ ಹಾಕಿಸುವುದು, ಪಾಪದ ಮಾತೆತ್ತುವುದು ಸಲ್ಲದು. ಯೋಜನೆ ಇದೆಯೇ, ಯಾವಾಗ ಎಂದು ತಿಳಿದುಕೊಂಡು, ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾರಿಗೂ ಹೇಳುವುದಿಲ್ಲವೆಂಬ ಭಾಷೆಯನ್ನು ಈ ಒಂದು ವಿಷಯದಲ್ಲಿ ಕೊಡಬಾರದು.

ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಇಡುವುದು ಸಾಬೀತಾದ ತಡೆಕ್ರಮ. ಆತ್ಮಹತ್ಯೆಯ ತುರ್ತು ಬಹಳ ವೇಳೆ ಹಠಾತ್ತನೆ ಏರಿ ಸ್ವಲ್ಪ ಹೊತ್ತಿನಲ್ಲಿ ಇಳಿಯುವಂಥದು. ಆ ಹೊತ್ತನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಗ್ರಾಮೀಣ ಭಾರತದಲ್ಲಿ ಇದರ ಅರ್ಥ ಕ್ರಿಮಿನಾಶಕವನ್ನು ಮನೆಯೊಳಗೆ ಇಡದೆ ಬೀಗ ಹಾಕಿ ದೂರ ಇಡುವುದು, ಮನೆಯ ಮಾತ್ರೆಗಳ ಜವಾಬ್ದಾರಿಯನ್ನು ಒಬ್ಬರು ವಹಿಸಿಕೊಳ್ಳುವುದು. ಅತಿ ವಿಷಕಾರಿ ಕ್ರಿಮಿನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿಯಿತು.

ವಿಶೇಷ ಸಂದರ್ಭಗಳು

ಚಿತ್ತವಿಕಲತೆಯಲ್ಲಿರುವವರ ಭ್ರಮೆಯನ್ನು ವಾದದಿಂದ ಮುರಿಯಲಾಗದು, ಒಪ್ಪಿಕೊಂಡಂತೆ ನಟಿಸುವುದೂ ತರವಲ್ಲ. ‘ನನಗೆ ಆ ದನಿ ಕೇಳಿಸ್ತಿಲ್ಲ, ಆದರೆ ನಿನಗೆ ತುಂಬ ಭಯ ಆಗಿರೋದು ಗೊತ್ತಾಗ್ತಿದೆ’ ಎಂಬ ಧಾಟಿಯಲ್ಲಿ ಭಯಕ್ಕೆ ಸ್ಪಂದಿಸಬಹುದು. ದನಿ ತಗ್ಗಿರಬೇಕು, ಸುತ್ತ ಜನ ಸೇರಬಾರದು, ವ್ಯಕ್ತಿ ಹೊರಹೋಗುವ ದಾರಿಗೆ ಅಡ್ಡ ನಿಲ್ಲಬಾರದು.

ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಗೆ ಬರುವ ಅಳು ಬಹುಪಾಲು ಎರಡು ವಾರದೊಳಗೆ ತಾನಾಗಿ ಕಳೆಯುತ್ತದೆ. ಅದು ಮುಂದುವರಿದರೆ ಚಿಕಿತ್ಸೆ ಬೇಕು. ಬಾಣಂತಿ ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮಗುವಿನ ಬಗ್ಗೆ ವಿಚಿತ್ರ ಶಂಕೆ ತೋರಿದರೆ ಅದು ತುರ್ತುಸ್ಥಿತಿ. ತಾಯಿಗೂ ಮಗುವಿಗೂ ಅಪಾಯವಿದೆ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ಘಟಕ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಪ್ರತಿದಿನ ವಿಪರೀತ ಕುಡಿಯುವವರು ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನಡುಕ, ಅಪಸ್ಮಾರ, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾಗಿ ಜೀವಕ್ಕೇ ಎರವಾಗಬಹುದು. ಹರಕೆ ಹೊತ್ತೋ ಅಯ್ಯಪ್ಪ ಮಾಲೆ ಧರಿಸಿಯೋ ಒಮ್ಮೆಲೇ ಬಿಡುವವರ ಮನೆಯವರು ಇದನ್ನು ತಿಳಿದಿರಬೇಕು. ಬಿಡುವ ಸಂಕಲ್ಪಕ್ಕೆ ಮೊದಲು ವೈದ್ಯರ ಸಲಹೆ ಪಡೆಯುವುದು ಕ್ಷೇಮ. ಧರ್ಮಸ್ಥಳದ ಆಶ್ರಯದಲ್ಲಿ ರಾಜ್ಯದ ಹಲವೆಡೆ ನಡೆಯುವ ಮದ್ಯವರ್ಜನ ಶಿಬಿರಗಳು ಕರ್ನಾಟಕದ ವಿಶಿಷ್ಟ ಸಮುದಾಯ ವ್ಯವಸ್ಥೆ.

ವೃದ್ಧರಲ್ಲಿ ಒಂದೆರಡು ದಿನಗಳಲ್ಲೇ ತಲೆದೋರುವ ಗೊಂದಲಕ್ಕೆ ಮೂತ್ರನಾಳದ ಸೋಂಕು, ಸೋಡಿಯಂ ಕೊರತೆ, ಔಷಧಗಳ ಏರುಪೇರು ಕಾರಣವಾಗಿರಬಹುದು. ಅದನ್ನು ಮರೆವಿನ ರೋಗವೆಂದು ಬಿಡದೆ ಸಾಮಾನ್ಯ ಆಸ್ಪತ್ರೆಗೆ ಒಯ್ಯಬೇಕು.

ಕುಟುಂಬ ಮತ್ತು ಒತ್ತಾಯ

ಭಾರತದಲ್ಲಿ ಆರೈಕೆಯ ಬಹುಪಾಲು ಮನೆಯವರ ಹೆಗಲ ಮೇಲಿದೆ, ಅದರಲ್ಲೂ ತಾಯಿ ಅಥವಾ ಹೆಂಡತಿಯ ಮೇಲೆ. ವ್ಯಕ್ತಿಗೆ ತಾನು ರೋಗಿಯೆಂಬ ಅರಿವೇ ಇಲ್ಲದಿದ್ದಾಗ ಮಾತ್ರೆಯನ್ನು ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವುದು ಅನೇಕ ಮನೆಗಳಲ್ಲಿ ಗುಟ್ಟಾಗಿ ನಡೆಯುತ್ತದೆ. ಬೇರೆ ದಾರಿ ಕಾಣದ ಮನೆಯವರ ಕಷ್ಟ ನಿಜ. ಆದರೂ ಗುಟ್ಟು ರಟ್ಟಾದಾಗ ‘ಊಟಕ್ಕೆ ಮದ್ದು ಹಾಕಿದ್ದಾರೆ’ ಎಂಬ ರೋಗಿಯ ಭ್ರಮೆ ನಿಜವೇ ಆಗಿಬಿಡುತ್ತದೆ. ಅಡ್ಡಪರಿಣಾಮವಾದರೆ ಅದರ ಕಾರಣ ವ್ಯಕ್ತಿಗೆ ತಿಳಿಯುವುದೂ ಇಲ್ಲ. ವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ ಚರ್ಚಿಸಿದರೆ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನಂಥ ಪರ್ಯಾಯಗಳು ಸಿಗುತ್ತವೆ.

ನೆರವಾಗುವವರೂ ದಣಿಯುತ್ತಾರೆ. ಒಬ್ಬರೇ ಎಲ್ಲ ಹೊರದೆ ಕೆಲಸ ಹಂಚಿಕೊಳ್ಳುವುದು, ತಮ್ಮ ನಿದ್ದೆ, ದುಡಿಮೆ ಕಾಯ್ದುಕೊಳ್ಳುವುದು, ಹೊಡೆತ ಬಡಿತದ ಸಂದರ್ಭದಲ್ಲಿ ಮೊದಲು ತಮ್ಮನ್ನು ರಕ್ಷಿಸಿಕೊಳ್ಳುವುದು ಮಾರ್ಗಸೂಚಿಗಳಲ್ಲಿ ಸೇರಿವೆ.

ಕಾನೂನು

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಆಶ್ರಯತಾಣವೊಂದರಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟು ಸತ್ತರು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಸರಪಳಿ ಬಿಗಿಯುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮುಂದೆ ಕಾಯಿಲೆ ಉಲ್ಬಣಿಸಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ, ತನ್ನ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನೂ ಅದು ಕೊಡುತ್ತದೆ. ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿ ಪ್ರತಿನಿಧಿಯ ಕೋರಿಕೆಯ ಮೇಲೆ ದಾಖಲಿಸಿಕೊಳ್ಳಲು ಅವಕಾಶವಿದ್ದರೂ ಮೊದಲ ಹಂತದ ಮಿತಿ 30 ದಿನ. ಬೀದಿಯಲ್ಲಿ ಅಲೆಯುವ ಮಾನಸಿಕ ರೋಗಿಯನ್ನು ಪೊಲೀಸರು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು.

ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷೆಯಿಂದ ಹೊರಗಿಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೂ ಇಲ್ಲ. ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬೇಕಾದ ಕಾರಣ ಉಳಿದಿಲ್ಲ.

ಸೇವೆಗಳು ಮತ್ತು ಸದ್ಯದ ಸ್ಥಿತಿ

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ರಾಷ್ಟ್ರೀಯ ಸಹಾಯವಾಣಿ, ಸಂಖ್ಯೆ 14416. ಇದರ ರಾಷ್ಟ್ರಮಟ್ಟದ ಕೇಂದ್ರ ನಿಮ್ಹಾನ್ಸ್. ಕನ್ನಡ ಸೇರಿ 20 ಭಾಷೆಗಳಲ್ಲಿ ಸೇವೆ ಇರುವುದರಿಂದ ಮುಂಬೈ, ಪುಣೆಗಳಲ್ಲಿ ದುಡಿಯುವ ಕನ್ನಡಿಗರಿಗೂ ತಮ್ಮ ಭಾಷೆಯಲ್ಲಿ ಮಾತನಾಡುವ ಅವಕಾಶವಿದೆ. ತೊಂದರೆಯಲ್ಲಿರುವವರೇ ಅಲ್ಲದೆ ಅವರ ಬಗ್ಗೆ ಚಿಂತಿತರಾದವರೂ ಕರೆ ಮಾಡಬಹುದು. ಮೊದಲ ಎರಡು ವರ್ಷಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112 ಅಥವಾ 108ಕ್ಕೆ ಕರೆ ಮಾಡಬೇಕು. ಅಮೆರಿಕದಲ್ಲಿರುವವರಿಗೆ 988 ಇದೆ. ಕರ್ನಾಟಕದಲ್ಲಿ ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರುವ ‘ಮನೋಚೈತನ್ಯ’ ಕಾರ್ಯಕ್ರಮ ಇವೆ. ‘ಯುವ ಸ್ಪಂದನ’ ಯೋಜನೆಯಲ್ಲಿ ತರಬೇತಿ ಪಡೆದ ಯುವಕ ಯುವತಿಯರು ‘ಯುವ ಪರಿವರ್ತಕ’ರಾಗಿ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಾರೆ.

ಬೇಡಿಕೆಗೆ ಹೋಲಿಸಿದರೆ ಸೇವೆ ಇನ್ನೂ ತೆಳು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ರೋಗವಿತ್ತು. ರೋಗದ ಬಗೆಗೆ ತಕ್ಕಂತೆ ಅವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರ ನವೆಂಬರಿನ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇ. 10ರಷ್ಟು ತಗ್ಗಿಸುವ ಗುರಿ ಇಟ್ಟಿದೆ.

ಪ್ರಥಮ ನೆರವಿನ ತರಬೇತಿ ಪಡೆದವರಲ್ಲಿ ತಿಳಿವಳಿಕೆ, ಆತ್ಮವಿಶ್ವಾಸ, ಸಹಾಯಕ್ಕೆ ಮುಂದಾಗುವ ಪ್ರವೃತ್ತಿ ಹೆಚ್ಚುತ್ತವೆ, ಕಳಂಕದ ಭಾವನೆ ತಗ್ಗುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅದರಿಂದ ನೆರವು ಪಡೆದವರ ಮಾನಸಿಕ ಆರೋಗ್ಯ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಗೆ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆಯಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ. ಕಳುಹಿಸಿದ ವ್ಯಕ್ತಿಯನ್ನು ನೋಡುವ ವೈದ್ಯರು ಹತ್ತಿರದಲ್ಲಿ ಇಲ್ಲದ ಕಡೆ ಈ ತರಬೇತಿಯ ಫಲ ಇನ್ನೂ ಸೀಮಿತ. ತಾಲ್ಲೂಕು ಮಟ್ಟದ ಸೇವೆಗಳ ವಿಸ್ತರಣೆಯನ್ನೂ ಜನರ ತರಬೇತಿಯನ್ನೂ ಒಟ್ಟಿಗೆ ಯೋಜಿಸುವುದು ಇದೇ ಕಾರಣಕ್ಕೆ.